ಗೋದಲಿ ಯಾರ ಜಾಗದಲ್ಲಿದೆ?

ಸಂಪಾದಕರ ಉತ್ತರ

ನ್ಯೂಜೆರ್ಸಿಯ ಎಡಿಸನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಮೂಲ ಹಾಸನದ ಕಡೆಯವರು, ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು: “ಕ್ರಿಸ್‌ಮಸ್ ಬಂದಾಗ ಅಮೆರಿಕದ ನಾಸ್ತಿಕರೂ ಕ್ರೈಸ್ತರೂ ಬೋರ್ಡು ಹಾಕಿಕೊಂಡು ಕಿತ್ತಾಡುವುದನ್ನು ಕಳೆದ ಸಂಚಿಕೆಯಲ್ಲಿ ‘ಕೆಲಸವಿಲ್ಲದವರ ಜಗಳ’ ಎಂದು ಎರಡೇ ಸಾಲಲ್ಲಿ ಮುಗಿಸಿಬಿಟ್ಟಿರಿ. 2010ರಲ್ಲಿ ಅಂಥ ಒಂದು ಬೋರ್ಡನ್ನು ನಾನೇ ಬಸ್ಸಿನಿಂದ ನೋಡಿದ್ದೆ. ನಾನು ಕ್ರೈಸ್ತಳಲ್ಲ, ಆದರೂ ಚುಚ್ಚಿತು. ಹಬ್ಬದ ಹೊತ್ತಲ್ಲೇ ಬಂದು ಕೆಣಕೋದು ಯಾಕೆ? ನಮ್ಮ ಕಡೆ ಹೀಗೆ ಮಾಡಿದ್ದರೆ ಬಿಡ್ತಿದ್ದರಾ? ಈಗ ಕಾಲೇಜಿನಲ್ಲಿರುವ ನನ್ನ ಮಗನೂ ತಾನು ನಾಸ್ತಿಕ ಅಂತಾನೆ. ಗಣೇಶನ ಹಬ್ಬದಲ್ಲಿ ಆರತಿ ಹೊತ್ತಿಗೆ ಮಹಡಿ ಹತ್ತುತ್ತಾನೆ, ಕಡುಬಿನ ಹೊತ್ತಿಗೆ ಇಳಿದು ಬರುತ್ತಾನೆ. ಇದು ಸರೀನಾ?”

ಮೊದಲು ತಪ್ಪೊಪ್ಪಿಗೆ. ಆ ಎರಡು ಸಾಲು ಬರೆದವನು ನಾನೇ. ಪುಟದ ಕೊನೆಯಲ್ಲಿ ಜಾಗ ಉಳಿದಿತ್ತು, ತುಂಬಿಸಿದೆ. ಕೆಲಸವಿಲ್ಲದವರು ಯಾರೆಂದು ನಿಮ್ಮ ಪತ್ರ ಓದಿದ ಮೇಲೆ ಗೊತ್ತಾಯಿತು.

ನೀವು ನೋಡಿದ್ದು ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ನದಿಯಡಿ ಸಾಗುವ ಸುರಂಗ, ಲಿಂಕನ್ ಟನಲ್‌ಗೆ ಹೋಗುವ ದಾರಿಯ ಬೋರ್ಡೇ ಇರಬೇಕು. ‘ಅಮೆರಿಕನ್ ಎಥೀಯಿಸ್ಟ್ಸ್’ ಎಂಬ ನಾಸ್ತಿಕರ ಸಂಘ ಸುಮಾರು 20,000 ಡಾಲರ್ ಕೊಟ್ಟು ಅದನ್ನು ಹಾಕಿಸಿತ್ತು. ಶಿಶು ಯೇಸುವನ್ನು ನೋಡಲು ಒಂಟೆ ಮೇಲೆ ಬರುವ ಮೂವರು ಜ್ಞಾನಿಗಳು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ), ಮೇಲೊಂದು ನಕ್ಷತ್ರ. ದೂರದಿಂದ ನೋಡಿದರೆ ಥೇಟ್ ಹಬ್ಬದ ಗ್ರೀಟಿಂಗ್ ಕಾರ್ಡು. ಹತ್ತಿರ ಬಂದರೆ ‘ಇದು ಕಟ್ಟುಕಥೆ ಅಂತ ನಿಮಗೂ ಗೊತ್ತು’ ಎಂಬ ಅರ್ಥದ ಸಾಲು, ಈ ಸಲ ವಿವೇಕದ ಹಬ್ಬ ಮಾಡಿ ಎಂಬ ಕರೆ. ಕ್ಯಾಥೊಲಿಕ್ಕರ ಪರ ದನಿಯೆತ್ತುವ ಸಂಘ ಕ್ಯಾಥೊಲಿಕ್ ಲೀಗ್ ಸುಮ್ನೆ ಕೂರಲಿಲ್ಲ. ಸುರಂಗದ ಆ ಬಾಯಿಯಲ್ಲಿ, ನ್ಯೂಯಾರ್ಕ್ ಕಡೆ, ‘ಇದು ನಿಜ ಅಂತ ನಿಮಗೂ ಗೊತ್ತು, ಈ ಸಲ ಯೇಸುವಿನ ಹಬ್ಬ ಮಾಡಿ’ ಎಂದು ತಾನೂ ಒಂದು ಬೋರ್ಡು ಏರಿಸಿತು. ಹಡ್ಸನ್ ನದಿಯ ಕೆಳಗೆ ಕಟ್ಟುಕಥೆಯಾಗಿ ನುಗ್ಗಿದ ಬಸ್ಸು ಆಚೆ ನಿಜವಾಗಿ ಹೊರಬರುತ್ತಿತ್ತು!

ಆ ‘ನಿಮಗೂ’ ಯಾರು ಅನ್ನುವುದನ್ನು ಕೇಳಬೇಕು. ಕ್ರೈಸ್ತರನ್ನು ಮತ ಬಿಡಿಸುವುದು ತಮ್ಮ ಉದ್ದೇಶವಲ್ಲ ಎಂದು ಸಂಘದ ಆಗಿನ ಅಧ್ಯಕ್ಷ ಡೇವಿಡ್ ಸಿಲ್ವರ್‌ಮನ್ ಆಗಲೇ ಹೇಳಿದ್ದರು. ನಂಬಿಕೆ ಹೋಗಿದ್ದರೂ ಅಪ್ಪ-ಅಮ್ಮ ನೊಂದುಕೊಳ್ಳುತ್ತಾರೆ ಅಂತ ಚರ್ಚಿನಲ್ಲಿ ಬಂದು ಕೂರುವವರಿದ್ದಾರಲ್ಲ, ಅವರಿಗೆ ‘ನೀವು ಒಬ್ಬರೇ ಅಲ್ಲ’ ಎಂದು ಹೇಳುವುದು ಗುರಿ. ಹಬ್ಬದ ಹೊತ್ತಲ್ಲೇ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಂಥವರು ಒಬ್ಬಂಟಿ ಅನ್ನಿಸಿಕೊಳ್ಳುವುದು ಆಗಲೇ. ಇದು ಒಂದು ಪಾಲು. ಇನ್ನೊಂದು ಪಾಲು, ಟೀವಿಯವರು ಪುಕ್ಕಟೆ ಪ್ರಚಾರ ಕೊಡುವುದೂ ಆಗಲೇ. ಸಂಘಕ್ಕೆ ಅದೂ ಚೆನ್ನಾಗಿ ಗೊತ್ತಿತ್ತು. 2012ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ಸಾಂತಾ ಮತ್ತು ಮುಳ್ಳಿನ ಕಿರೀಟದ ಯೇಸುವನ್ನು ಒಟ್ಟಿಗೆ ತೋರಿಸಿ, ಸಂಭ್ರಮ ಇರಲಿ, ಪುರಾಣ ಬಿಸಾಕಿ ಎಂದರು. ಒಬ್ಬಂಟಿಗೆ ಸಮಾಧಾನ ಹೇಳಲು ಅಷ್ಟು ಬೇಕಿತ್ತಾ? ನನಗಂತೂ ಬೇಡವೆನಿಸುತ್ತದೆ.

ಆದರೆ ಇವೆಲ್ಲ ದುಡ್ಡು ಕೊಟ್ಟು ಬಾಡಿಗೆಗೆ ಹಿಡಿದ ಜಾಗ. ರುಚಿಯ ಬಗ್ಗೆ ತಕರಾರು ಮಾಡಬಹುದು, ಹಕ್ಕಿನ ಬಗ್ಗೆ ಆಗುವುದಿಲ್ಲ. ಅಸಲಿ ಜಗಳ ಇರುವುದು ಸರ್ಕಾರಿ ಜಾಗದಲ್ಲಿ, ಯಾಕೆಂದರೆ ಅಮೆರಿಕದ ಸಂವಿಧಾನದಂತೆ ಸರ್ಕಾರ ಯಾವ ಧರ್ಮದ ಪರವೂ ನಿಲ್ಲುವಂತಿಲ್ಲ.

2008ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಏನಾಯಿತು ನೋಡಿ. ಶಾಸನಸಭೆಯ ಕಟ್ಟಡದೊಳಗೆ ಒಂದು ಗೋದಲಿಗೆ ಜಾಗ ಸಿಕ್ಕಿತ್ತು. ಹಾಗಾದರೆ ನಮಗೂ ಕೊಡಿ ಎಂದು ನಾಸ್ತಿಕರ ಇನ್ನೊಂದು ಸಂಘ ‘ಫ್ರೀಡಮ್ ಫ್ರಮ್ ರಿಲಿಜನ್ ಫೌಂಡೇಶನ್’ ಒಂದು ಫಲಕ ನಿಲ್ಲಿಸಿತು. ದೇವರಿಲ್ಲ, ದೆವ್ವವಿಲ್ಲ, ಸ್ವರ್ಗ ನರಕಗಳಿಲ್ಲ, ಇರುವುದು ಈ ಪ್ರಕೃತಿ ಮಾತ್ರ ಎಂದು ಬರೆದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಅದು ಅವರ ನಂಬಿಕೆಯ ಮಾತಾಗುತ್ತಿತ್ತು. ಕೊನೆಯಲ್ಲಿ, ಧರ್ಮ ಮನಸ್ಸನ್ನು ಕಲ್ಲಾಗಿಸಿ ಬುದ್ಧಿಯನ್ನು ಗುಲಾಮ ಮಾಡುತ್ತದೆ ಅಂತಲೂ ಸೇರಿಸಿದರು. ಪಕ್ಕದ ಗೋದಲಿ ಯಾರಿಗೂ ಬೈಯುತ್ತಿರಲಿಲ್ಲ, ಅಲ್ವಾ? ಫಲಕ ಕಳುವಾಯಿತು, ರಸ್ತೆಬದಿಯ ಚರಂಡಿಯಲ್ಲಿ ಸಿಕ್ಕಿತು, ಸಿಕ್ಕವರು ಅದನ್ನು ಸಿಯಾಟಲ್‌ನ ರೇಡಿಯೊ ಸ್ಟೇಶನ್ನಿಗೆ ತಂದುಕೊಟ್ಟರು. ಫಾಕ್ಸ್ ನ್ಯೂಸ್ ಟೀವಿಯ ನಿರೂಪಕ ಬಿಲ್ ಓ’ರೈಲಿ ಗವರ್ನರ್ ಮೇಲೆ ಹರಿಹಾಯ್ದರು. ಅಷ್ಟರಲ್ಲಿ ಹೊಸ ಅರ್ಜಿಗಳ ಸಾಲು. ಟೀವಿ ಹಾಸ್ಯ ಧಾರಾವಾಹಿಯೊಂದರಿಂದ ಮನೆಮಾತಾದ ಫೆಸ್ಟಿವಸ್ ಹಬ್ಬದ ಕಂಬ ನೆಡಬೇಕು ಎಂದವರೂ ಬಂದರು. ಸಾಂತಾ ನಿಮ್ಮನ್ನು ನರಕಕ್ಕೆ ಒಯ್ಯುತ್ತಾನೆ ಎಂಬ ಫಲಕಕ್ಕೂ ಜಾಗ ಕೇಳಿದರು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಕೊನೆಗೆ, ಇನ್ನು ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಬಾಗಿಲು ಹಾಕಿದರು.

ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಈ ವಿಷಯದಲ್ಲಿ ತಿಣುಕಾಡಿದೆ. 1984ರಲ್ಲಿ ರೋಡ್ ಐಲ್ಯಾಂಡ್‌ನ ಪಾಟಕೆಟ್ ನಗರದ ಗೋದಲಿ ನ್ಯಾಯಮೂರ್ತಿಗಳ 5-4ರ ಬಹುಮತದಲ್ಲಿ ಪಾರಾಯಿತು. ಜೊತೆಗೆ ಸಾಂತಾನ ಮನೆ, ಹಿಮಸಾರಂಗ ಎಲ್ಲ ಇದ್ದದ್ದರಿಂದ ಒಟ್ಟು ನೋಟ ಬರೀ ಧರ್ಮದ್ದಲ್ಲ ಎಂಬ ವಾದ ಕೆಲಸ ಮಾಡಿತು. 1989ರಲ್ಲಿ ಪಿಟ್ಸ್‌ಬರ್ಗ್ ನ್ಯಾಯಾಲಯದ ಮೆಟ್ಟಿಲ ಬಳಿ ಒಂಟಿಯಾಗಿ ಇಟ್ಟ ಗೋದಲಿ ತಪ್ಪು ಎಂದಾಯಿತು. ಇದಕ್ಕೆ ವಕೀಲರು ತಮಾಷೆಗೆ ‘ಹಿಮಸಾರಂಗದ ನಿಯಮ’ ಎನ್ನುತ್ತಾರೆ. ನಾನು ಭಕ್ತನಾಗಿದ್ದರೆ ನಾಸ್ತಿಕರ ಬೋರ್ಡಿಗಿಂತ ಈ ನಿಯಮಕ್ಕೇ ಜಾಸ್ತಿ ಬೇಸರಪಡುತ್ತಿದ್ದೆ. ಯೇಸುವಿಗೆ ಪ್ಲಾಸ್ಟಿಕ್ ಸಾರಂಗದ ಜಾಮೀನು ಬೇಕಾಯಿತಲ್ಲ!

ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದ ಕಥೆ ನನಗೆ ಎಲ್ಲಕ್ಕಿಂತ ಪಾಪ ಅನ್ನಿಸುತ್ತದೆ. ಸಮುದ್ರದ ದಂಡೆಯ ಪಾರ್ಕಿನಲ್ಲಿ ಅಲ್ಲಿನ ಚರ್ಚುಗಳು 1950ರ ದಶಕದಿಂದ ಆಳೆತ್ತರದ ಗೊಂಬೆಗಳನ್ನಿಟ್ಟು ಯೇಸು ಹುಟ್ಟಿದ ಕಥೆ ಹೇಳುತ್ತಿದ್ದವು. 2011ರಲ್ಲಿ ಅರ್ಜಿಗಳು ಹೆಚ್ಚಾಗಿ ನಗರಸಭೆ ಚೀಟಿ ಎತ್ತಿತು. 21 ಜಾಗಗಳಲ್ಲಿ 18 ನಾಸ್ತಿಕರ ಪಾಲಾದವು. ಮೋಸವೇನೂ ಇಲ್ಲ, ಹೆಚ್ಚು ಅರ್ಜಿ ಹಾಕಿದ್ದರು, ಹೆಚ್ಚು ಗೆದ್ದರು. ಆದರೆ ಗೆದ್ದ ಜಾಗ ಎಷ್ಟೋ ಖಾಲಿ ಬಿಟ್ಟರು. ಮರುವರ್ಷ ನಗರಸಭೆ ಯಾರ ಪ್ರದರ್ಶನವೂ ಬೇಡ ಎಂದಿತು, ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನಂತೆ ಎಲ್ಲವೂ ಸರಿ. ಆದರೂ ಖಾಲಿ ಜಾಗ ಗೆದ್ದು ಏನು ಮಾಡಿದರು?

ಲಂಡನ್ನಿನವರು ಇದನ್ನೇ ಎಷ್ಟು ಜಾಣತನದಿಂದ ಮಾಡಿದರು ನೋಡಿ. 2009ರ ಜನವರಿಯಲ್ಲಿ ಬ್ರಿಟನ್ನಿನ ಸುಮಾರು 800 ಬಸ್ಸುಗಳ ಮೇಲೆ ಒಂದು ಜಾಹೀರಾತು ಬಂತು. ಹಾಸ್ಯ ಬರಹಗಾರ್ತಿ ಏರಿಯಾನ್ ಶೆರಿನ್ ಕೇಳಿದ್ದು 5,500 ಪೌಂಡ್, ಕೆಲವೇ ದಿನಗಳಲ್ಲಿ ಬಂದದ್ದು ಲಕ್ಷಕ್ಕೂ ಮೇಲೆ. ದೇವರು ‘ಬಹುಶಃ’ ಇಲ್ಲ, ಚಿಂತೆ ಬಿಟ್ಟು ಬದುಕನ್ನು ಅನುಭವಿಸಿ ಎಂಬುದು ಸಾಲು. ಆ ‘ಬಹುಶಃ’ ನೋಡಿ. ಕನ್ನಡದಲ್ಲಾದರೆ ಅದನ್ನು ಬೇರೆಯಾಗಿ ಹೇಳುವುದೇ ಬೇಡ. ‘ದೇವರು ಇಲ್ಲ’ ಅನ್ನುವುದು ಬೇರೆ, ‘ದೇವರು ಇರಲಿಕ್ಕಿಲ್ಲ’ ಅನ್ನುವುದು ಬೇರೆ. ಎರಡನೆಯದಕ್ಕೆ ಎದುರಿನವರು ‘ಇದ್ದರೂ ಇರಬಹುದಲ್ಲ’ ಅಂತ ಮಾತು ಮುಂದುವರಿಸಬಹುದು. ಮೆಥೊಡಿಸ್ಟ್ ಚರ್ಚಿನವರು, ಜನ ದೇವರ ಬಗ್ಗೆ ಮಾತಾಡುವಂತಾಯಿತು ಎಂದು ಥ್ಯಾಂಕ್ಸ್ ಹೇಳಿದರು. ಒಂದು ಕ್ರೈಸ್ತ ಚಿಂತಕರ ಕೂಟ 50 ಪೌಂಡ್ ಚಂದಾ ಕೂಡ ಕೊಟ್ಟಿತು.

ನಮ್ಮ ಕಡೆ ಬಿಡ್ತಿದ್ದರಾ ಎಂದಿರಿ. ಬಿಡುತ್ತಿರಲಿಲ್ಲ. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದನ್ನು ಅಪರಾಧವೆನ್ನುವ, 1927ರಿಂದ ಇದ್ದ 295ಎ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಆ ಟನಲ್ ಬೋರ್ಡು ಬೆಂಗಳೂರಿನಲ್ಲಿ ಬಿದ್ದಿದ್ದರೆ ಸಂಜೆಯೊಳಗೆ ದೂರು ದಾಖಲಾಗುತ್ತಿತ್ತು. ಆದರೆ ಪ್ರಶ್ನೆ ಕೇಳಿದವರು ನಮ್ಮಲ್ಲೂ ಇದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಬೋರ್ಡು ಹಾಕಲಿಲ್ಲ, ಪರೀಕ್ಷೆಗೆ ಒಪ್ಪಿ ಎಂದು ಕಾಗದ ಬರೆದರು. ಅದಕ್ಕೇ ಸಾಕಷ್ಟು ಗದ್ದಲವಾಯಿತು ಅನ್ನಿ.

ಇನ್ನು ನಿಮ್ಮ ಮಗನ ಕಡುಬು. ಅಮೆರಿಕದ ನೆಲದಲ್ಲಿ ಕ್ರಿಸ್‌ಮಸ್ ನಿಲ್ಲಿಸಲು ಹೊರಟವರು ನಾಸ್ತಿಕರಿಗಿಂತ ಮೊದಲು ಕಡುಭಕ್ತರು. 1659ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು, ಬೈಬಲ್ಲಿನಲ್ಲಿ ಇಲ್ಲದ ಹಬ್ಬ ಇದು ಎಂದು ಕಾನೂನು ಮಾಡಿದ್ದರು. ಆ ದಿನ ಕೆಲಸ ಬಿಟ್ಟರೂ, ಹಬ್ಬದೂಟ ಮಾಡಿದರೂ ಐದು ಶಿಲ್ಲಿಂಗ್ ದಂಡ. 1681ರವರೆಗೆ ಇತ್ತು. ಅವರ ಲೆಕ್ಕದಲ್ಲಿ ಆರತಿ ಬಿಟ್ಟು ಕಡುಬು ತಿಂದವನೂ ಹಬ್ಬ ಮಾಡಿದವನೇ. ನನ್ನ ಲೆಕ್ಕದಲ್ಲೂ ಅಷ್ಟೇ. ಅವನು ಮಹಡಿ ಹತ್ತಿ ಕೂರುವುದು ನಿಮಗೆ ನೋವಾಗದಿರಲಿ ಅಂತಲೋ, ನಿಮ್ಮನ್ನು ಕೆಣಕಲೆಂದೋ? ಅದು ನನಗಿಂತ ನಿಮಗೆ ಗೊತ್ತು. ಕೇಳಿ ನೋಡಿ. ಉತ್ತರ ಅವನೇ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ಕನ್ನಡಕ್ಕೆ ನಾವು ಮಾಡಿಕೊಳ್ಳುತ್ತೇವೆ. ಈ ಸಲ ಎರಡು ಸಾಲಲ್ಲಿ ಮುಗಿಸುವುದಿಲ್ಲ.

— ಸಂಪಾದಕ