ಕೆಎ-12 (ಕೊಡಗು ನೋಂದಣಿಯ) ಬೈಕ್‌ನಲ್ಲಿ ನೇಪಾಳಕ್ಕೆ ಹೋಗಲು ಕಾರ್ನೆಟ್ ಬೇಕಾ?

ಬೇಡ. ನೇಪಾಳಕ್ಕೂ ಬೇಡ, ಭೂತಾನ್‌ಗೂ ಬೇಡ. ಕಾರ್ನೆಟ್ ಅಂದರೆ ಗಾಡಿಯನ್ನು ವಾಪಸ್ ತರುತ್ತೇವೆ ಅಂತ ಬೇರೆ ದೇಶದ ಕಸ್ಟಮ್ಸ್‌ಗೆ ತೋರಿಸುವ ಗ್ಯಾರಂಟಿ ಪುಸ್ತಕ. ಕಾರ್ನೆಟ್ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ನಿಮ್ಮ ಹತ್ತಿರ ದುಡ್ಡು ಕೇಳಿದ್ದರೆ ಕೊಡಬೇಡಿ.

ನೀವು ಕೇಳಿದ್ದು ಇಷ್ಟು: ಕುಶಾಲನಗರದಿಂದ ಪೋಖರಾಕ್ಕೆ ಅಪ್ಪನ ಹೆಸರಿನಲ್ಲಿರುವ ಹಿಮಾಲಯನ್ ಬೈಕ್ ತಗೊಂಡು ಹೋಗಬೇಕು, ಪಾಸ್‌ಪೋರ್ಟ್ ಇಲ್ಲ, ಬಾರ್ಡರ್‌ನಲ್ಲಿ ಏನೇನು ಕೇಳುತ್ತಾರೆ ಅಂತ. ನಾನು ಮಡಿಕೇರಿ ಕಡೆಯವನು. ಉತ್ತರ ಪ್ರದೇಶದ ಸುನೌಲಿ ಗಡಿಯ ಮೂಲಕ ಬೈಕ್ ದಾಟಿಸಿದ್ದೇನೆ, ಹಾಗಾಗಿ ಆ ದಾರಿಯ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಆ ಗಡಿಯಲ್ಲಿ ಯಾರಿಗೂ ನಿಮ್ಮ ಬಗ್ಗೆ ತಲೆಬಿಸಿ ಇಲ್ಲ, ತಲೆಬಿಸಿ ಇರುವುದು ನಿಮ್ಮ ಬೈಕ್ ಬಗ್ಗೆ. 1950ರ ಒಪ್ಪಂದದಿಂದಾಗಿ ಭಾರತದವರಿಗೆ ನೇಪಾಳಕ್ಕೆ ವೀಸಾ ಬೇಡ, ವೋಟರ್ ಐಡಿ ಇದ್ದರೆ ಸಾಕು (ಆಧಾರ್ ಒಂದನ್ನೇ ನಂಬಿಕೊಂಡು ಹೋಗಬೇಡಿ). ಬೈಕ್‌ಗೆ ಆ ರಿಯಾಯಿತಿ ಇಲ್ಲ. ನೇಪಾಳದಲ್ಲಿ ಹೊರಗಿನಿಂದ ಬರುವ ಗಾಡಿಗಳ ಮೇಲೆ ತೆರಿಗೆ ವಿಪರೀತ, ನಮ್ಮಲ್ಲಿ ಸಿಗುವ ಅದೇ ಬೈಕ್‌ಗೆ ಅಲ್ಲಿ ಎಷ್ಟೋ ಜಾಸ್ತಿ ಬೆಲೆ. ಇಲ್ಲಿಂದ ಓಡಿಸಿಕೊಂಡು ಹೋಗಿ ಅಲ್ಲೇ ಮಾರಿ ಬಸ್ಸಲ್ಲಿ ವಾಪಸ್ ಬಂದರೆ? ಅವರಿಗಿರುವ ಭಯ ಅದೊಂದೇ, ಕೇಳುವ ಕಾಗದಗಳೆಲ್ಲ ಅದಕ್ಕಾಗಿಯೇ.

ತಮಾಷೆ ಏನೆಂದರೆ ಗೇಟಲ್ಲಿ ನಿಮ್ಮನ್ನು ಯಾರೂ ತಡೆಯದೇ ಇರಬಹುದು. ಈ ಕಡೆ ನಮ್ಮ ಗಡಿ ಕಾಯುವ ಎಸ್‌ಎಸ್‌ಬಿಯವರು ಬ್ಯಾಗ್ ನೋಡಿದರೆ ನೋಡಿದರು, ಇಲ್ಲದಿದ್ದರೆ ಇಲ್ಲ. ರಿಕ್ಷಾ, ಸೈಕಲ್, ಲಾರಿ, ತಲೆ ಮೇಲೆ ಮೂಟೆ ಹೊತ್ತವರು, ಎಲ್ಲರ ಜೊತೆ ನೀವೂ ಸುಮ್ನೆ ಆ ಕಡೆ ಹೋಗಿಬಿಡುತ್ತೀರಿ. ಸಿಕ್ಕಿಹಾಕಿಕೊಳ್ಳುವುದು ಮುಂದೆ, ಒಳಗಿನ ಯಾವುದೋ ಚೆಕ್‌ಪೋಸ್ಟ್‌ನಲ್ಲಿ, ಪೊಲೀಸ್ ಬಂದು ಭನ್ಸಾರ್ (ಕಸ್ಟಮ್ಸ್ ಚೀಟಿ) ಎಲ್ಲಿ ಅಂತ ಕೇಳಿದಾಗ. ಆದ್ದರಿಂದ ಗೇಟ್ ದಾಟಿದ ಕೂಡಲೇ ನೀವೇ ನಿಲ್ಲಿಸಿ, ನೀವೇ ಭನ್ಸಾರ್ ಕಚೇರಿ ಹುಡುಕಿಕೊಂಡು ಹೋಗಬೇಕು. ಭನ್ಸಾರ್ ಅಂದರೆ ಅವರ ಕಸ್ಟಮ್ಸ್. ಆರ್‌ಸಿ, ಲೈಸೆನ್ಸ್, ಗುರುತಿನ ಚೀಟಿ ತೋರಿಸಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ಚೀಟಿ ತಗೊಳ್ಳಿ. ರಸ್ತೆಯಲ್ಲಿ ಓಡಿಸಲು ಯಾತಾಯಾತ್ ಪರ್ಮಿಟ್ ಬೇರೆ ಇದೆ, ಅದನ್ನೂ ಮಾಡಿಸಿ. ಏಜೆಂಟ್‌ಗಳು ಮುತ್ತಿಕೊಳ್ಳುತ್ತಾರೆ. ಅವರಿಲ್ಲದೆಯೂ ಆಗುತ್ತದೆ, ಫಾರಂ ತುಂಬಿಸುವುದು ಬಿಟ್ಟರೆ ಕಷ್ಟದ್ದೇನೂ ಇಲ್ಲ, ಹಿಂದಿ ಬಂದರೆ ಇನ್ನೂ ಸುಲಭ.

ದಿನದ ಲೆಕ್ಕದಲ್ಲಿ ಜಿಪುಣತನ ಬೇಡ. ಮಳೆಗೆ ರಸ್ತೆ ಮುಚ್ಚಿತು, ಕ್ಲಚ್ ಕೇಬಲ್ ಹೋಯಿತು ಅಂತ ಏನಾದರೂ ಒಂದು ಆಗುತ್ತದೆ, ಹಾಗಾಗಿ ಒಂದೆರಡು ದಿನ ಸೇರಿಸಿಯೇ ಕಟ್ಟಿ. ಇನ್ನೂ ಜಾಸ್ತಿ ಬೇಕಾದರೆ ಅವಧಿ ಮುಗಿಯುವ ಮೊದಲೇ ಕಟ್ಟಿ ಮುಂದುವರಿಸಿಕೊಳ್ಳಬೇಕು, ಮುಗಿದ ಮೇಲೆ ಹೋದರೆ ದಂಡ. ನಮ್ಮ ಗಾಡಿ ಅಲ್ಲಿ ವರ್ಷಕ್ಕೆ 30 ದಿನ ಮಾತ್ರ ಇರಬಹುದು. ಬೈಕ್ ಕೆಟ್ಟರೆ ಅಲ್ಲೇ ಬಿಟ್ಟು ಬರುವ ಹಾಗಿಲ್ಲ, ಲಾರಿಗೆ ಹಾಕಿಯಾದರೂ ಗಡಿ ದಾಟಿಸಲೇಬೇಕು. ವಾಪಸ್ ಬರುವಾಗಲೂ ಕಚೇರಿಯಲ್ಲಿ ನಿಲ್ಲಿಸಿ, ಬೈಕ್ ಹೊರಗೆ ಹೋಯಿತು ಅಂತ ಬರೆಸಿ ಬನ್ನಿ.

ಈಗ ನಿಮ್ಮ ಅಪ್ಪನ ವಿಷಯ. ಆರ್‌ಸಿ ಅವರ ಹೆಸರಿನಲ್ಲಿದ್ದರೆ, ಮಗನಿಗೆ ಈ ನಂಬರಿನ ಬೈಕ್ ನೇಪಾಳಕ್ಕೆ ಒಯ್ಯಲು ಒಪ್ಪಿಗೆ ಇದೆ ಅಂತ ಒಂದು ಪತ್ರ ನೋಟರಿ ಹತ್ತಿರ ಮಾಡಿಸಿಕೊಳ್ಳಿ, ಇಂಗ್ಲಿಷ್‌ನಲ್ಲೇ ಇರಲಿ. ಅಪ್ಪನ ಗುರುತಿನ ಚೀಟಿಯ ಜೆರಾಕ್ಸ್ ಕೂಡ ಇರಲಿ. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಕೊಡವರಾಗಿದ್ದರೆ ಮನೆ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್, ಮತ್ತೊಂದು ಕಡೆ ಹಿಂದೆ ಮುಂದೆ. ಮಡಿಕೇರಿ ಆರ್‌ಟಿಓದಲ್ಲಿ ಇದು ಯಾರಿಗೂ ಹೊಸದಲ್ಲ, ಸುನೌಲಿಯಲ್ಲಿ ಕೂತವನಿಗೆ ಎರಡೂ ಬೇರೆ ಮನುಷ್ಯರು. ಪತ್ರದಲ್ಲಿ ಎರಡೂ ರೀತಿಯ ಹೆಸರು ಬರೆಸಿಬಿಡಿ. ಬೈಕ್ ಮೇಲೆ ಸಾಲ ಇದ್ದರೆ ಬ್ಯಾಂಕಿನಿಂದ ಎನ್‌ಒಸಿ. ಕಾಗದಗಳೆಲ್ಲ ಒರಿಜಿನಲ್ಲೇ ಇರಲಿ, ಫೋನಿನಲ್ಲಿರುವ ಡಿಜಿಲಾಕರ್ ನಮ್ಮ ಟ್ರಾಫಿಕ್ ಪೊಲೀಸರಿಗೆ ಮಾತ್ರ.

ವಿಮೆ ವಿಷಯ ಯಾರೂ ಹೇಳುವುದಿಲ್ಲ. ನಮ್ಮ ಪಾಲಿಸಿ ಭಾರತದೊಳಗೆ ಮಾತ್ರ ನಡೆಯುವುದು. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ಮಾಲ್ಡೀವ್ಸ್‌ಗೆ ವಿಸ್ತರಿಸಿಕೊಡುತ್ತಾರೆ (ಮಾಲ್ಡೀವ್ಸ್‌ಗೆ ಬೈಕ್ ಯಾರು ಒಯ್ಯುತ್ತಾರೋ ನನಗಂತೂ ಅರ್ಥ ಆಗಿಲ್ಲ). ಹೊರಡುವ ಮೊದಲೇ ಕಂಪನಿಗೆ ಬರೆದು ಮಾಡಿಸಿಕೊಳ್ಳಿ.

ದುಡ್ಡು: ನಮ್ಮ 100 ರೂಪಾಯಿ ಅವರ 160, ಇದು ಬದಲಾಗುವುದಿಲ್ಲ. ಸಣ್ಣ ನೋಟು ಜಾಸ್ತಿ ಇಟ್ಟುಕೊಳ್ಳಿ. 2024ರಿಂದ ನಮ್ಮ ಯುಪಿಐ ಅಲ್ಲಿಯ ಅಂಗಡಿಗಳಲ್ಲಿ ನಡೆಯುತ್ತಿದೆ, ಆದರೆ ಬೆಟ್ಟದ ಹಳ್ಳಿಯಲ್ಲಿ ಅದನ್ನು ನಂಬಿ ಊಟಕ್ಕೆ ಕೂರಬೇಡಿ.

ಸುನೌಲಿಗೆ ಇಲ್ಲಿಂದ ಎರಡು ಸಾವಿರ ಕಿಲೋಮೀಟರ್ ಮೇಲೆಯೇ ಇದೆ: ಬೆಂಗಳೂರು, ಹೈದರಾಬಾದ್, ನಾಗ್ಪುರ, ಜಬಲ್ಪುರ, ಪ್ರಯಾಗ್‌ರಾಜ್, ಗೋರಖ್‌ಪುರ. ಅಷ್ಟು ಓಡಿಸಲು ರಜೆ ಇಲ್ಲದಿದ್ದರೆ ರೈಲಿನಲ್ಲಿ ಪಾರ್ಸೆಲ್ ಹಾಕಿ ಗೋರಖ್‌ಪುರದಲ್ಲಿ ಇಳಿಸಿಕೊಳ್ಳಬಹುದು, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಕೊಡಬೇಕು. ಕೊಡಗಿಗೆ ರೈಲೇ ಇಲ್ಲ, ಮೈಸೂರು ಅಥವಾ ಬೆಂಗಳೂರಿಗೆ ಹೋಗಲೇಬೇಕು.

ಹೊರಡಲು ಕಾವೇರಿ ಸಂಕ್ರಮಣ ಮುಗಿದ ಮೇಲೆ ಒಳ್ಳೆಯದು. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿ ಪೋಖರಾದಿಂದ ಹಿಮಾಲಯ ಚೆನ್ನಾಗಿ ಕಾಣುತ್ತದೆ, ನಮ್ಮ ಕಾಫಿ ಕೊಯ್ಲೂ ಜೋರಾಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬೇಡ. 2024ರ ಜುಲೈನಲ್ಲಿ ನಾರಾಯಣಗಢ–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸು ತ್ರಿಶೂಲಿ ನದಿಗೆ ಬಿದ್ದವು. 2018ರಲ್ಲಿ ನಮ್ಮ ಜೋಡುಪಾಲದ ಗುಡ್ಡ ಕುಸಿತ ನೋಡಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಭೂತಾನ್ ಬೇರೆ ಲೆಕ್ಕ. 2022ರ ಸೆಪ್ಟೆಂಬರ್‌ನಿಂದ ನಮ್ಮವರಿಗೂ ರಾತ್ರಿಗೆ 1200 ರೂಪಾಯಿ ಶುಲ್ಕ ಇದೆ, ನಿಮಗೊಂದು, ಬೈಕ್‌ಗೊಂದು ಪರ್ಮಿಟ್ ಬೇಕು. ಮೊದಲ ಸಲಕ್ಕೆ ನೇಪಾಳವೇ ಸಾಕು. ಕಾರ್ನೆಟ್ ಬೇಕಾಗುವುದು ಇರಾನ್ ತರಹ ದೂರದ ದೇಶಗಳಿಗೆ: ಬೈಕ್ ವಾಪಸ್ ತರದಿದ್ದರೆ ಸುಂಕಕ್ಕೆ ನಾವು ಜವಾಬ್ದಾರಿ ಅಂತ ಆಟೊಮೊಬೈಲ್ ಅಸೋಸಿಯೇಶನ್ ಕೊಡುವ ಗ್ಯಾರಂಟಿ ಪುಸ್ತಕ ಅದು, ಅದಕ್ಕೆ ನಿಮ್ಮಿಂದ ದೊಡ್ಡ ಮೊತ್ತದ ಭದ್ರತೆ ಇಡಿಸಿಕೊಳ್ಳುತ್ತಾರೆ. ಮಣಿಪುರದ ಮೋರೆ ಗಡಿಯ ಮೂಲಕ ಮ್ಯಾನ್ಮಾರ್, ಥಾಯ್ಲೆಂಡ್ ಅನ್ನುವ ಹಳೇ ವಿಡಿಯೋಗಳನ್ನು ನೋಡಿ ಆಸೆಪಡಬೇಡಿ, 2021ರ ಸೇನಾ ದಂಗೆ ಆದ ಮೇಲೆ ಆ ದಾರಿ ನಂಬುವ ಹಾಗಿಲ್ಲ.

ಆಮೇಲೆ ಬ್ಯಾಗ್ ಪ್ಯಾಕ್ ಮಾಡುವಾಗ ತೋಟದ ಕತ್ತಿ ಅಭ್ಯಾಸಬಲದಿಂದ ಒಳಗೆ ಉಳಿದಿದೆಯಾ ನೋಡಿ. ಕೋವಿಗೇ ಲೈಸೆನ್ಸ್ ಬೇಡದ ಊರಿನವರು ನಾವು ಅಂತ ಎಸ್‌ಎಸ್‌ಬಿಯವರಿಗೆ ವಿವರಿಸುತ್ತಾ ನಿಲ್ಲುವುದು ಬೇಡ. ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ ರಸ) ಒಯ್ಯುವುದಾದರೆ ಬಾಟಲಿಗೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ.