ಡೇಟಾಬೇಸ್ ಜಗಳಕ್ಕೆ ಮುಂಚೆ ಒಂದು ಹಾಳೆ ಲೆಕ್ಕ

ಪ್ರಶ್ನೆ: ನಾನು ಕೃಷಿ ಸಂಶೋಧನೆಯ ಒಂದು ಪ್ರಾಜೆಕ್ಟಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಹೊಲದಲ್ಲಿ 200 ಸೆನ್ಸರ್ ಹಾಕುತ್ತಿದ್ದೇವೆ, ಮಣ್ಣಿನ ತೇವ, ಉಷ್ಣಾಂಶ, ಮಳೆ, ಎಲ್ಲಾ ನಿಮಿಷಕ್ಕೊಂದು ರೀಡಿಂಗ್. ಹತ್ತು ನಿಮಿಷಕ್ಕೊಮ್ಮೆ ಬೆಳೆಯ ಫೋಟೋ ತೆಗೆಯಲು 20 ಕ್ಯಾಮೆರಾ ಕೂಡ ಇವೆ. ಡೇಟಾ ಎಲ್ಲಿಡುವುದು ಅಂತ ಮೂರು ತಿಂಗಳಿಂದ ಬರೀ ಮೀಟಿಂಗ್. ಒಬ್ಬರು ದೊಡ್ಡ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್) ಬೇಕು ಅನ್ನುತ್ತಾರೆ, ಇನ್ನೊಬ್ಬರು ಎಕ್ಸೆಲ್ ಸಾಕು ಅನ್ನುತ್ತಾರೆ. ಹೇಗೆ ಒಪ್ಪಿಸಲಿ?
– ಒಬ್ಬ ಓದುಗ, ಧಾರವಾಡ

ಉತ್ತರ: ನಿಮ್ಮವರು ಜಗಳ ಆಡುತ್ತಿರುವುದು ಡೇಟಾಬೇಸ್ ಬಗ್ಗೆ ಅಲ್ಲ. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಅಂದಾಜು ಇದೆ, ಯಾರೂ ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ. ಸುಮ್ನೆ ಒಂದು ಹಾಳೆ ತೆಗೆದುಕೊಳ್ಳಿ. 200 ಸೆನ್ಸರ್, ದಿನಕ್ಕೆ 1440 ನಿಮಿಷ, ರೀಡಿಂಗಿಗೊಂದು ಸಾಲು ಅಂದರೆ ದಿನಕ್ಕೆ 2,88,000 ಸಾಲು. ಸಾಲಿಗೆ 100 ಬೈಟ್ ಹಿಡಿದರೂ ವರ್ಷಕ್ಕೆ 10-11 ಜಿಬಿ. ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ! ಹಾಗಂತ ಎಕ್ಸೆಲ್ ಬೇಡ, ಒಂದು ಶೀಟಿಗೆ 10,48,576 ಸಾಲು ಮಾತ್ರ, ನಾಲ್ಕನೇ ದಿನವೇ ತುಂಬಿಹೋಗುತ್ತದೆ.

ಈಗ ಫೋಟೋಗೆ ಬನ್ನಿ. ಒಂದಕ್ಕೆ 5 ಎಂಬಿ ಅಂದುಕೊಂಡರೆ ದಿನಕ್ಕೆ 14.4 ಜಿಬಿ, ವರ್ಷಕ್ಕೆ 5 ಟಿಬಿಗಿಂತ ಜಾಸ್ತಿ. ಕ್ಲಸ್ಟರ್ ಅನ್ನುವವರು ಫೋಟೋ ಎಣಿಸುತ್ತಿದ್ದಾರೆ, ಎಕ್ಸೆಲ್ ಅನ್ನುವವರು ಎಣಿಸುತ್ತಿಲ್ಲ. ಫೋಟೋ ಎಷ್ಟು ವರ್ಷ ಇಡಬೇಕು ಅನ್ನುವುದೇ ನಿಮ್ಮ ಮೊದಲ ಪ್ರಶ್ನೆ.

ಚಿಲಿ ದೇಶದಲ್ಲಿ ಆಕಾಶದ ಫೋಟೋ ತೆಗೆಯುವ ರೂಬಿನ್ ವೀಕ್ಷಣಾಲಯದವರು ಇದನ್ನೇ ದೊಡ್ಡದಾಗಿ ಮಾಡಿದ್ದಾರೆ. ಅವರ ಕ್ಯಾಮೆರಾ 3,200 ಮೆಗಾಪಿಕ್ಸೆಲ್‌ನದು, ರಾತ್ರಿಗೆ ಸುಮಾರು 20 ಟಿಬಿ, 10 ವರ್ಷದ ಸರ್ವೇ. ಆಕಾಶದಲ್ಲಿ ಏನಾದರೂ ಬದಲಾದರೆ ಸುಮಾರು ಒಂದು ನಿಮಿಷದೊಳಗೆ ಜಗತ್ತಿಗೆ ತಿಳಿಸಬೇಕು. ಇಂಥ ಬೇಡಿಕೆಗಳನ್ನು ಕ್ಯಾಮೆರಾ ಕಟ್ಟುವುದಕ್ಕೆ ಎಷ್ಟೋ ಮೊದಲೇ ಬರೆದಿಟ್ಟಿದ್ದರು. ಒಂದು ನಿಮಿಷದಲ್ಲಿ ಸುದ್ದಿ ಬೇಕಾದವರಿಗೂ ಹತ್ತು ವರ್ಷದ್ದನ್ನು ಒಟ್ಟಿಗೆ ಜಾಲಾಡುವವರಿಗೂ ಒಂದೇ ವ್ಯವಸ್ಥೆ ಒಗ್ಗುವುದಿಲ್ಲ ಅಲ್ವಾ? ನಿಮ್ಮಲ್ಲೂ ಕೇಳಿ: ನೀರು ಬಿಡಲು ಈಗಲೇ ರೀಡಿಂಗ್ ನೋಡಬೇಕಾ, ಇಲ್ಲ ಹಂಗಾಮು ಮುಗಿದ ಮೇಲೆ ಪ್ರಬಂಧ ಬರೆಯಲಾ?

ಗಾತ್ರಕ್ಕಿಂತ ನನಗೆ ಜಾಸ್ತಿ ಭಯ ಸೊನ್ನೆಯದು. ಒಮ್ಮೆ ಮಳೆಮಾಪಕದ ಫೈಲ್ ನೋಡುತ್ತಿದ್ದೆ, ಜುಲೈ ತಿಂಗಳಿಡೀ 0. ಬರಗಾಲ ಅಂದುಕೊಂಡೆ. ನೋಡಿದರೆ ಬ್ಯಾಟರಿ ಹೋಗಿತ್ತು, ಪುಣ್ಯಾತ್ಮರು ಯಾರೋ ಖಾಲಿ ಜಾಗಕ್ಕೆಲ್ಲ 0 ತುಂಬಿದ್ದರು! ಮಳೆ ಬರಲಿಲ್ಲ ಅನ್ನುವುದು ಬೇರೆ, ರೀಡಿಂಗ್ ಬರಲಿಲ್ಲ ಅನ್ನುವುದು ಬೇರೆ. 'ದಿನ' ಅಂದರೆ ಏನು ಅಂತಲೂ ಬರೆದುಕೊಳ್ಳಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ನಿಮ್ಮ ಸರ್ವರ್ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ, ಅದೂ ಸರ್ವರ್ ಗಡಿಯಾರ ನಮ್ಮ ಸಮಯದಲ್ಲಿದ್ದರೆ.

ಸೆನ್ಸರ್ ಕೊಟ್ಟ ಮೂಲ ಅಂಕಿಯನ್ನು ತಿದ್ದಬೇಡಿ, ತಿದ್ದಿದ್ದನ್ನು ಬೇರೆ ಇಡಿ. ಇದರಲ್ಲಿ ಮಾತ್ರ ರಾಜಿ ಬೇಡ.

ಸದ್ಯಕ್ಕೆ ಒಂದು ಮಷೀನಿನಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಹಾಕಿ, ಫೋಟೋಗಳನ್ನು ಫೋಲ್ಡರಿನಲ್ಲಿಟ್ಟು ಅವು ಎಲ್ಲಿವೆ ಅನ್ನುವುದನ್ನು ಅದರ ಟೇಬಲಿನಲ್ಲಿ ಬರೆಯಿರಿ, ಇನ್ನೊಂದು ಕಾಪಿ ಬೇರೆ ಕಟ್ಟಡದಲ್ಲಿರಲಿ. ಹಾಳೆಯಲ್ಲಿ ಪ್ರತಿ ಅಂದಾಜಿನ ಪಕ್ಕ ಹೇಳಿದವರ ಹೆಸರು, ತಾರೀಖು ಹಾಕಿ. ಕ್ಯಾಮೆರಾ 20 ಇದ್ದದ್ದು 100 ಆದ ದಿನ ಅದೇ ಹಾಳೆ ಹಿಡಿದುಕೊಂಡು ಮತ್ತೆ ಕೂತರಾಯಿತು.