ಕೆಂಡ್ರಿಕ್ ಲಮಾರ್‌ನ ‘ಐ’ ಹಾಡು ಆಲ್ಬಂನಲ್ಲಿ ನಡುವೆಯೇ ನಿಂತುಹೋಗುವುದೇಕೆ?

‘ನನ್ನನ್ನು ನಾನು ಪ್ರೀತಿಸುತ್ತೇನೆ ಅಂತ ಅಷ್ಟು ಸಲ ಹೇಳುವುದು ಬಿಟ್ಟರೆ ಅದರಲ್ಲೇನಿದೆ? ಆಲ್ಬಂನಲ್ಲಂತೂ ಜಗಳದ ಗಲಾಟೆ ತುಂಬಿ ಹಾಡನ್ನೇ ಕೆಡಿಸಿದ್ದಾರೆ’ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್‌ನ ಆ ಹಾಡು ಪೂರ್ತಿಯಾಗುವುದೇ ಆ ಗಲಾಟೆಯಿಂದ.

ಮೊದಲು 2014ರ ಸೆಪ್ಟೆಂಬರ್‌ನಲ್ಲಿ ಬಂದ ಸಿಂಗಲ್, ಅಂದರೆ ಆಲ್ಬಂಗೂ ಮೊದಲು ಬಿಡಿಯಾಗಿ ಬಂದ ರೂಪ, ಕೇಳಿ. ಐಸ್ಲಿ ಬ್ರದರ್ಸ್ ಎಂಬ ಅಮೆರಿಕದ ತಂಡ 1973ರಲ್ಲಿ ಹಾಡಿದ ‘ದಟ್ ಲೇಡಿ’ಯ ಗಿಟಾರ್ ಎಳೆಯೇ ಇದರ ಬೆನ್ನೆಲುಬು. ಅದಕ್ಕೆ ಒಪ್ಪಿಗೆ ಕೇಳಲು ಕೆಂಡ್ರಿಕ್ ಖುದ್ದಾಗಿ ಆ ತಂಡದ ಗಾಯಕ ರಾನ್ ಐಸ್ಲಿ ಹತ್ತಿರ ಹೋಗಿದ್ದ. ಕಾಲು ತಾನಾಗಿ ಕುಣಿಯುತ್ತದೆ, ಎರಡು ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ಪಲ್ಲವಿಯಿಂದ ಕಿವಿ ತೆಗೆದು ಚರಣಗಳತ್ತ ಕೊಡಿ. ಉಸಿರು ಬಿಡದೆ ಓಡುವ ಸಾಲುಗಳ ನಡುವೆ, ಹದಿಹರೆಯದಿಂದಲೂ ಖಿನ್ನತೆ ನನ್ನ ಬೆನ್ನು ಬಿಟ್ಟಿಲ್ಲ ಎಂದುಬಿಡುತ್ತಾನೆ. ಆ ಕುಣಿತದಲ್ಲಿ ಅದು ಎಷ್ಟು ಜನರ ಕಿವಿಗೆ ಬೀಳದೆ ಹೋಯಿತೋ! ಜೈಲಿನಲ್ಲಿರುವ ಗೆಳೆಯರಿಗಾಗಿ, ಮಣಿಕಟ್ಟಿನ ಮೇಲೆ ಕುಯ್ದುಕೊಂಡ ಗಾಯ ಹೊತ್ತು ತನ್ನ ಶೋಗಳಿಗೆ ಬರುವ ಹುಡುಗರಿಗಾಗಿ ಇದನ್ನು ಬರೆದೆ ಎಂದು ಆಗ ಸಂದರ್ಶನದಲ್ಲೂ ಹೇಳಿದ್ದ.

ಆಮೇಲೆ 2015ರ ಮಾರ್ಚ್‌ನಲ್ಲಿ ಬಂದ ‘ಟು ಪಿಂಪ್ ಎ ಬಟರ್‌ಫ್ಲೈ’ ಆಲ್ಬಂ ಹಾಕಿ. ನೇರ ‘ಐ’ಗೆ ಹಾರಬೇಡಿ, ಅದು ಹದಿನೈದನೆಯದು. ಆರನೆಯ ಹಾಡು ‘ಯು’ (ನೀನು) ಇದೆಯಲ್ಲ, ಅದನ್ನು ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಿ. ಶುರುವಾಗುವುದೇ ಚೀರಾಟದಿಂದ. ಅಲ್ಲಿ ‘ನೀನು’ ಅಂದರೆ ಅವನೇ. ಹೋಟೆಲ್ ಕೋಣೆ, ಬಾಗಿಲು ತಟ್ಟುವ ಕೆಲಸದವಳು, ಬಾಟಲಿ ಸದ್ದು, ಅಳು ಕಟ್ಟಿಕೊಂಡ ಗಂಟಲು. ಗೆಳೆಯ ಆಸ್ಪತ್ರೆಯಲ್ಲಿದ್ದಾಗ ಹೋಗಿ ನೋಡದೆ ಬರೀ ವಿಡಿಯೊ ಕಾಲ್ ಮಾಡಿದೆ, ಅವನು ಉಳಿಯಲಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಇಷ್ಟು ಕೇಳಿದ ಮೇಲೆ ‘ನನ್ನನ್ನು ನಾನು ಪ್ರೀತಿಸುತ್ತೇನೆ’ ಜಂಬದ ಮಾತಾಗಿ ಕೇಳಿಸುವುದೇ ಇಲ್ಲ. ಬದುಕಿ ಉಳಿಯಲು ಹಟ ಹಿಡಿದವನು ಅದನ್ನು ಹೇಳುತ್ತಿದ್ದಾನೆ.

ಈಗ ನೀವು ಕೇಳಿದ ಗಲಾಟೆ. ಆಲ್ಬಂನ ‘ಐ’ ವೇದಿಕೆಯ ಮೇಲೆ ಹಾಡಿದಂತೆ ರೂಪಿಸಿದ್ದು. ಮೊದಲಿಗೊಬ್ಬ ಅವನನ್ನು ಪರಿಚಯಿಸಿ ಕರೆಯುತ್ತಾನೆ, ದನಿ ಸಿಂಗಲ್‌ಗಿಂತ ಒರಟು. ಕೇಳುಗರ ಗುಂಪಿನಲ್ಲಿ ಜಗಳ ಹತ್ತಿದಾಗ ವಾದ್ಯಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ಆ ಹೊತ್ತಿಗೆ ಅವನ ಕೈಯಲ್ಲಿ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಆದರೂ ಮೈಕ್ ಬಿಡದೆ, ಈ ಒಂದೇ ವರ್ಷದಲ್ಲಿ ನಮ್ಮವರನ್ನು ಎಷ್ಟು ಜನ ಕಳೆದುಕೊಂಡೆವು ಎಂದು ಆ ಗುಂಪಿನ ಕಪ್ಪು ಜನರನ್ನೇ ಕೇಳಿ, ತಾಳವಿಲ್ಲದೆ ಬರಿಗಂಟಲಲ್ಲೇ ಚರಣ ಹೇಳುತ್ತಾನೆ. ಒಬ್ಬನೇ ಕೂತು ತನ್ನನ್ನು ಪ್ರೀತಿಸಿಕೊಂಡರೆ ಅವನಿಗೆ ಸಾಲದು, ಹೊಡೆದಾಡುವ ಅಣ್ಣತಮ್ಮಂದಿರಿಗೂ ಅದು ಬೇಕು. ಹಾಡು ನಿಲ್ಲದಿದ್ದರೆ ಇದನ್ನು ಹೇಳಲು ಜಾಗವೇ ಇರುತ್ತಿರಲಿಲ್ಲ.

ಮೊದಲ ಸಲ ಸಾಹಿತ್ಯ ತೆರೆದಿಟ್ಟುಕೊಳ್ಳಬೇಡಿ, ದನಿ ಹಿಡಿಯಿರಿ. ‘ಯು’ವಿನ ಮುರಿದ ಗಂಟಲು, ಸಿಂಗಲ್‌ನ ಎತ್ತರದ ದನಿ, ಆಲ್ಬಂನ ಒರಟು ದನಿ: ಮೂರೂ ಒಬ್ಬನವೇ. ಎರಡನೆಯ ಸಲಕ್ಕೆ ಸಾಹಿತ್ಯ ಓದಿ. ಅರ್ಥವಾಗದ ಸಾಲಿದ್ದರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ, ಖಂಡಿತ ಉತ್ತರಿಸುತ್ತೇನೆ.